ಎಪಿ3 ಒಯ್ಯಲಾ, ಇಪಿ2 ಒಯ್ಯಲಾ? ಬೇರಿಂಗ್‌ಗೆ ಗ್ರೀಸ್ ಆರಿಸುವ ಬಗೆ

ಅಕ್ಕಿ ಗಿರಣಿ, ಹಿಟ್ಟಿನ ಮಿಲ್ಲು, ಎಣ್ಣೆ ಗಾಣ, ಜಲ್ಲಿ ಕ್ರಷರ್ ನಡೆಸುವವರೆಲ್ಲ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. ಅಂಗಡಿಗೆ ಹೋದರೆ ಕಪಾಟಿನಲ್ಲಿ ಆರೇಳು ಥರದ ಗ್ರೀಸ್ ಡಬ್ಬಿ. ಒಂದು ಕೆಂಪು, ಒಂದು ನೀಲಿ, ಒಂದು ಹಳದಿ, ಒಂದು ಕಪ್ಪು. ಅಂಗಡಿಯವರು "ಎಲ್ಲಾದಕ್ಕೂ ಇದೇ ಹಾಕ್ತಾರೆ ಸಾರ್" ಎಂದು ಎಪಿ3 ಕೊಡುತ್ತಾರೆ. ಫಿಟ್ಟರ್ ಬಂದು "ಇದಲ್ಲ, ಇಪಿ2 ತನ್ನಿ" ಅನ್ನುತ್ತಾರೆ. ಯಂತ್ರ ಮಾರಿದವರು ಫೋನಿನಲ್ಲಿ ಮೂರನೆಯದೊಂದು ಹೆಸರು ಹೇಳುತ್ತಾರೆ. ಬೆಲೆ ನೋಡಿದರೆ ಅಗ್ಗದ್ದಕ್ಕೂ ದುಬಾರಿಯದ್ದಕ್ಕೂ ಹಲವು ಪಟ್ಟು ವ್ಯತ್ಯಾಸ. ಯಾವುದನ್ನು ಒಯ್ಯುವುದು?

ಬಣ್ಣ ನೋಡಿಯಂತೂ ಒಯ್ಯಬೇಡಿ. ಗ್ರೀಸಿನ ಬಣ್ಣ ಬಹುಪಾಲು ಕಂಪನಿಯವರು ಬೆರೆಸಿದ ಬಣ್ಣ ಅಷ್ಟೇ. ಒಬ್ಬರ ಕೆಂಪು ಡಬ್ಬಿಯಲ್ಲಿ ಸಾದಾ ಲಿಥಿಯಂ ಗ್ರೀಸ್ ಇದ್ದರೆ ಇನ್ನೊಬ್ಬರ ಕೆಂಪಿನಲ್ಲಿ ಲಿಥಿಯಂ ಕಾಂಪ್ಲೆಕ್ಸ್ ಇರುತ್ತದೆ. ಕಪ್ಪು ಮಾತ್ರ ಸ್ವಲ್ಪ ಬೇರೆ. ಅದರಲ್ಲಿ ಸಾಮಾನ್ಯವಾಗಿ ಗ್ರಾಫೈಟೋ ಮಾಲಿಬ್ಡಿನಂ ಡೈಸಲ್ಫೈಡೋ ಎಂಬ ಜಾರುವ ಪುಡಿ ಇರುತ್ತದೆ. ಅದರ ವಿಚಾರ ಮುಂದೆ ಬರುತ್ತದೆ.

ಎಣ್ಣೆ ಮೊದಲು, ಸೋಪು ಆಮೇಲೆ

ಗ್ರೀಸ್ ಅಂದರೆ ಎಣ್ಣೆ, ಅದನ್ನು ಹಿಡಿದಿಟ್ಟುಕೊಳ್ಳುವ ಒಂದು ಸೋಪು, ಜೊತೆಗೆ ಗುಣ ಹೆಚ್ಚಿಸಲು ಬೆರೆಸುವ ಒಂದಿಷ್ಟು ಅಡಿಟಿವ್. ತೂಕದಲ್ಲಿ ನೂರಕ್ಕೆ 70ರಿಂದ 95 ಪಾಲು ಎಣ್ಣೆಯೇ. ಗುಂಡು ರೇಸಿನ, ಅಂದರೆ ಬೇರಿಂಗಿನ ಉಂಗುರದ ಮೇಲೆ ಉರುಳುವಾಗ ಲೋಹಕ್ಕೆ ಲೋಹ ತಾಗದಂತೆ ನಡುವೆ ನಿಲ್ಲುವುದು ಮುಖ್ಯವಾಗಿ ಈ ಎಣ್ಣೆಯ ಪದರ. ಸೋಪು ಎಣ್ಣೆಯನ್ನು ಅಲ್ಲೇ ಇಟ್ಟುಕೊಂಡು ಬೇಕಾದಷ್ಟೇ ಜಿನುಗಿಸುತ್ತದೆ. ಆದರೆ ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯುವುದು ಸೋಪಿನ ಹೆಸರನ್ನೇ. ಎಣ್ಣೆ ಎಷ್ಟು ಮಂದ ಅನ್ನುವುದು ಕಂಪನಿ ಕೊಡುವ ಡೇಟಾ ಶೀಟಿನ ಒಂದು ಮೂಲೆಯಲ್ಲಿ ಇರುತ್ತದೆ: 40 ಡಿಗ್ರಿಯಲ್ಲಿ ಇಷ್ಟು ಸೆಂಟಿಸ್ಟೋಕ್ಸ್ ಎಂದು, ಅಂಕಿ ದೊಡ್ಡದಾದಷ್ಟೂ ಎಣ್ಣೆ ಮಂದ. ಜನ ಲಿಥಿಯಮ್ಮೋ ಕ್ಯಾಲ್ಸಿಯಮ್ಮೋ ಎಂದು ಜಗಳ ಆಡುತ್ತಾರೆ, ಆ ಅಂಕಿಯನ್ನು ಯಾರೂ ಕೇಳುವುದಿಲ್ಲ. ಬೇರಿಂಗ್ ಬಾಳುವುದು ಹೆಚ್ಚಾಗಿ ಅದರ ಮೇಲೆಯೇ.

ಹೆಸರಿನ ಕೊನೆಗೆ ಬರುವ 2, 3 ಬೇರೆ ವಿಷಯ. ಅದು ಗ್ರೀಸ್ ಎಷ್ಟು ಗಟ್ಟಿ ಅನ್ನುವುದರ ನಂಬರು. ಅಮೆರಿಕದಲ್ಲಿ 1933ರಲ್ಲಿ ಶುರುವಾದ ಎನ್‌ಎಲ್‌ಜಿಐ ಎಂಬ ಸಂಸ್ಥೆಯ ಅಳತೆ ಇದು. ಗ್ರೀಸನ್ನು 25 ಡಿಗ್ರಿಯಲ್ಲಿ 60 ಸಲ ಕುಟ್ಟಿ, ಮೇಲಿನಿಂದ ಒಂದು ಲೋಹದ ಶಂಕುವನ್ನು ಬಿಡುತ್ತಾರೆ. ಅದು 26.5ರಿಂದ 29.5 ಮಿಲಿಮೀಟರ್ ಇಳಿದರೆ 2ನೇ ನಂಬರ್. 22ರಿಂದ 25 ಮಿಲಿಮೀಟರ್ ಇಳಿದರೆ 3ನೇ ನಂಬರ್. 2 ಅಂದರೆ ಮನೆಯಲ್ಲಿ ಕಡೆದ ಬೆಣ್ಣೆಯ ಹದ, 3 ಅದಕ್ಕಿಂತ ತುಸು ಗಟ್ಟಿ. ನಂಬರ್ ಜಾಸ್ತಿ ಆದರೆ ತಾಕತ್ತೂ ಜಾಸ್ತಿ ಅಂತ ಏನಿಲ್ಲ. ಒಂದೇ 2ನೇ ನಂಬರಿನಲ್ಲಿ ತೀರಾ ತೆಳು ಎಣ್ಣೆಯ ಗ್ರೀಸೂ ಸಿಗುತ್ತದೆ, ಜೇನಿನಂಥ ಮಂದ ಎಣ್ಣೆಯದೂ ಸಿಗುತ್ತದೆ.

ಇಪಿ ಅಂದರೆ ಭಾರಿ ಒತ್ತಡ ತಡೆಯುವ ಅಡಿಟಿವ್ ಸೇರಿಸಿದ್ದು. ಎಪಿ, ಎಂಪಿ ಅಂದರೆ ಎಲ್ಲ ಕೆಲಸಕ್ಕೂ ಆಗುವಂಥದ್ದು ಎಂದು ಮಾರುವ ಹೆಸರು. ಹಾಗಾಗಿ "ಎಪಿ3 ಒಳ್ಳೆಯದೋ ಇಪಿ2 ಒಳ್ಳೆಯದೋ" ಅನ್ನುವ ಪ್ರಶ್ನೆಗೆ, ಎಲ್ಲಿ ಹಾಕುತ್ತೀರಿ ಅಂತ ತಿಳಿಯದೆ ಉತ್ತರವೇ ಇಲ್ಲ.

ಡಬ್ಬಿ ಬಿಟ್ಟು ಬೇರಿಂಗ್ ಕಡೆ ನೋಡಿ

ನಾನು ಕೇಳುವುದು ಐದು ವಿಷಯ: ವೇಗ, ಬಿಸಿ, ನೀರು ಧೂಳು, ಭಾರ, ಮತ್ತು ಅಲ್ಲಿಗೆ ಗ್ರೀಸ್ ಗನ್ ಎಷ್ಟು ಸಲ ತಲುಪುತ್ತದೆ.

ವೇಗದ ಲೆಕ್ಕ ಸುಲಭ. ಬೇರಿಂಗಿನ ಒಳ ಅಳತೆ, ಹೊರ ಅಳತೆ ಕೂಡಿಸಿ ಅರ್ಧ ಮಾಡಿ, ಆರ್‌ಪಿಎಂನಿಂದ ಗುಣಿಸಿ. ಮೋಟಾರಿನಲ್ಲಿ ಕಾಣುವ 6309 ಬೇರಿಂಗ್ ತಗೊಳ್ಳಿ. ಒಳಗೆ 45, ಹೊರಗೆ 100 ಮಿಲಿಮೀಟರ್. ಸರಾಸರಿ 72.5. ಮೋಟಾರ್ 1440 ಸುತ್ತಿನದಾದರೆ ಅಂಕಿ 1,04,400. ಇನ್ನು ನಿಧಾನದ ಕನ್ವೇಯರ್ ಶಾಫ್ಟಿನ ಪ್ಲಮರ್ ಬ್ಲಾಕ್, ಅಂದರೆ ಬೇರಿಂಗ್ ಕೂರುವ ಪೆಟ್ಟಿಗೆ ನೋಡಿ. ಒಳಗೆ 22216 ರೋಲರ್ ಬೇರಿಂಗ್, 80ಕ್ಕೆ 140. ಸರಾಸರಿ 110. ನಿಮಿಷಕ್ಕೆ 60 ಸುತ್ತು ಅಂದರೆ ಅಂಕಿ ಬರೀ 6,600.

ಎರಡೂ ಒಂದೇ ಶೆಡ್ಡಿನಲ್ಲಿ ಇರಬಹುದು. ಎರಡಕ್ಕೂ ಒಬ್ಬನೇ ಹುಡುಗ ಒಂದೇ ಗನ್ನಿನಿಂದ ಗ್ರೀಸ್ ಹೊಡೆಯುತ್ತಾನೆ. ಆದರೆ ಬೇರಿಂಗ್ ಕಂಪನಿಗಳ ಸೂತ್ರ ಹಾಕಿ ನೋಡಿದರೆ, ಓಡುವ ಬಿಸಿಯಲ್ಲಿ ಮೋಟಾರಿಗೆ ಬೇಕಾದದ್ದು ಕನಿಷ್ಠ ಸುಮಾರು 14 ಸೆಂಟಿಸ್ಟೋಕ್ಸ್ ಎಣ್ಣೆ. ಆ ಕನ್ವೇಯರಿಗೆ ಬೇಕಾದದ್ದು ಸುಮಾರು 140. ಹತ್ತು ಪಟ್ಟು! ಬೇಗ ತಿರುಗುವ ಬೇರಿಂಗ್ ತೆಳು ಎಣ್ಣೆಯಲ್ಲೂ ಪದರ ಕಟ್ಟಿಕೊಳ್ಳುತ್ತದೆ. ನಿಧಾನದ್ದಕ್ಕೆ ಆ ಶಕ್ತಿ ಇಲ್ಲ, ಎಣ್ಣೆಯೇ ಮಂದ ಇರಬೇಕು. ನಿಧಾನ ತಿರುಗುವ ಬೇರಿಂಗಿಗೆ ಏನು ಹಾಕಿದರೂ ನಡೆಯುತ್ತದೆ ಅನ್ನುವವರು ತುಂಬಾ ಜನ. ನಿಜ ಅದಕ್ಕೆ ಉಲ್ಟಾ.

ಬಿಸಿಗೆ ಒಂದು ಅಗ್ಗದ ಇನ್ಫ್ರಾರೆಡ್ ಥರ್ಮಾಮೀಟರ್ ಸಾಕು. ಹೌಸಿಂಗಿನ, ಅಂದರೆ ಬೇರಿಂಗ್ ಕೂತ ಪೆಟ್ಟಿಗೆಯ ಮೇಲೆ ತೋರಿಸಿದ್ದಕ್ಕಿಂತ ಒಳಗೆ ಒಂದು ಹತ್ತು ಡಿಗ್ರಿ ಜಾಸ್ತಿ ಎಂದು ಇಟ್ಟುಕೊಳ್ಳಿ. 70 ಡಿಗ್ರಿವರೆಗೆ ತಲೆಬಿಸಿ ಇಲ್ಲ. ಅದರ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸಿನ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಅಂದರೆ 100 ಡಿಗ್ರಿಯಲ್ಲಿ ಓಡುವ ಬ್ಲೋವರ್ ಬೇರಿಂಗಿಗೆ ಕಾಲು ಭಾಗ ಆಯುಸ್ಸು. ನಾಲ್ಕು ತಿಂಗಳಿಗೊಮ್ಮೆ ಹೊಡೆಯುತ್ತಿದ್ದದ್ದನ್ನು ತಿಂಗಳಿಗೊಮ್ಮೆ ಹೊಡೆಯಬೇಕು, ಇಲ್ಲವೇ ಬೇರೆ ಗ್ರೀಸ್ ನೋಡಬೇಕು. ಶಾಫ್ಟ್ ನೆಟ್ಟಗೆ ನಿಂತಿದ್ದರೆ ಅದೂ ಅರ್ಧ, ಯಾಕೆಂದರೆ ಗ್ರೀಸ್ ಕೆಳಗೆ ಜಾರುತ್ತದೆ.

ಡೇಟಾ ಶೀಟಿನಲ್ಲಿ "ಡ್ರಾಪಿಂಗ್ ಪಾಯಿಂಟ್ 190" ಎಂದು ನೋಡಿ ಬಹಳ ಜನ ಮೋಸ ಹೋಗುತ್ತಾರೆ. ಅದು ಗ್ರೀಸ್ ಕರಗಿ ತೊಟ್ಟಿಕ್ಕುವ ಬಿಸಿ. ದುಡಿಯುವ ಬಿಸಿ ಅದಕ್ಕಿಂತ ತುಂಬಾ ಕೆಳಗೆ. ಸಾದಾ ಲಿಥಿಯಂ ಗ್ರೀಸ್ 190ಕ್ಕೆ ಕರಗುತ್ತದೆ, ಆದರೆ 120ರ ಮೇಲೆ ಅದನ್ನು ನಂಬಿ ಕೂರಬಾರದು.

ನೀರು, ಧೂಳು, ಭಾರ ಇವು ನೋಡಿದರೆ ಗೊತ್ತಾಗುತ್ತವೆ. ಕೊನೆಯದೇ ಜನ ಮರೆಯುವುದು. ಏಣಿ ಹಾಕಿ ಹತ್ತಬೇಕಾದ, ಧಾನ್ಯ ಎತ್ತುವ ಎಲಿವೇಟರ್ ತಲೆಗೆ ತಿಂಗಳಿಗೊಮ್ಮೆ ಗ್ರೀಸ್ ಹೊಡೆಯುತ್ತೇವೆ ಎಂದು ಹೇಳುವುದು ಸುಲಭ, ಹೊಡೆಯುವವರು ಕಡಿಮೆ. ಅಂಥ ಕಡೆ ದುಬಾರಿ ಗ್ರೀಸೇ ಅಗ್ಗ.

ಕಪ್ ಗ್ರೀಸ್, ಚಾಸಿ ಗ್ರೀಸ್

ಹಳೇ ಕಾಲದ ಕ್ಯಾಲ್ಸಿಯಂ ಗ್ರೀಸ್. ಅಗ್ಗ, ನೀರಿಗೆ ಜಗ್ಗುವುದಿಲ್ಲ. ಆದರೆ ಇದರ ಕಟ್ಟೋಣ ನಿಂತಿರುವುದೇ ಒಳಗಿನ ಒಂದು ಚೂರು ನೀರಿನ ಮೇಲೆ. ಬಿಸಿಗೆ ಆ ನೀರು ಹೋಯಿತು ಅಂದರೆ ಎಣ್ಣೆ ಬೇರೆ, ಸೋಪು ಬೇರೆ ಆಗುತ್ತದೆ. 60 ಡಿಗ್ರಿವರೆಗೆ ಪರವಾಗಿಲ್ಲ. ಟ್ರಾಲಿಯ ಪಿನ್, ಲೀಫ್ ಸ್ಪ್ರಿಂಗಿನ ಬುಷ್, ಗೇಟಿನ ಕೀಲು ಇವಕ್ಕೆ ಸರಿ. ಮೋಟಾರಿಗೆ, ಪಲ್ವರೈಸರಿಗೆ ಹಾಕಿದರೆ ಬೇರಿಂಗ್ ಹೋದ ಹಾಗೇ ಲೆಕ್ಕ. ಉರುಳುವ ಬೇರಿಂಗಿನ ಪಟ್ಟಿಯಿಂದ ಇದನ್ನು ತೆಗೆದುಬಿಡಿ.

ಲಿಥಿಯಂ: ಎಪಿ3, ಎಂಪಿ3, ಇಪಿ2

ನಮ್ಮಲ್ಲಿ ಮಾರಾಟ ಆಗುವುದರಲ್ಲಿ ಹೆಚ್ಚಿನ ಪಾಲು ಇದೇ. ಸರ್ವೋಜೆಮ್, ಲಿಥಾನ್, ಎಂಪಿ ಗ್ರೀಸ್ ಎಂದು ಸರ್ಕಾರಿ ಎಣ್ಣೆ ಕಂಪನಿಗಳ ಹೆಸರು. ಎಪಿ3 ಎಂದು ಖಾಸಗಿಯವರ ಹೆಸರು. ಇದರ ಸೋಪು ಹುಟ್ಟುವುದು ಹರಳೆಣ್ಣೆಯಿಂದ. ಉತ್ತರ ಕರ್ನಾಟಕದವರು ಔಡಲ ಎಣ್ಣೆ ಅನ್ನುತ್ತಾರಲ್ಲ, ಅದೇ. ಎತ್ತಿನ ಗಾಡಿಯ ಅಚ್ಚಿಗೆ ಹಿಂದೆ ಹಚ್ಚುತ್ತಿದ್ದದ್ದೂ ಅದನ್ನೇ. 1940ರ ದಶಕದಲ್ಲಿ ಅಮೆರಿಕದಲ್ಲಿ ಲಿಥಿಯಂ ಗ್ರೀಸ್ ಬಂದ ಮೇಲೆ, ನೀರು ತಾಳುವುದಕ್ಕೊಂದು, ಬಿಸಿ ತಾಳುವುದಕ್ಕೊಂದು ಎಂದು ಎರಡು ಡಬ್ಬಿ ಇಡುವ ಕಷ್ಟ ಬಹುಪಾಲು ತಪ್ಪಿತು.

ಈಗ ಎಪಿ3 ಮತ್ತು ಇಪಿ2 ನಡುವೆ. 3ನೇ ನಂಬರ್ ಗಟ್ಟಿ, ಹಾಕಿದ ಜಾಗದಲ್ಲಿ ನಿಲ್ಲುತ್ತದೆ. ಲಾರಿ, ಟ್ರಾಕ್ಟರ್, ಟ್ರಾಲಿಯ ಚಕ್ರದ ಹಬ್ಬಿನಲ್ಲಿ ಅದು ಬೇಕು. ಹಬ್ ಪೂರ್ತಿ ತಿರುಗುತ್ತದೆ, ಅಲುಗಾಟ ಜಾಸ್ತಿ, ತೆಳು ಗ್ರೀಸ್ ಬ್ರೇಕ್ ಲೈನರಿಗೆ ಸೋರಿದರೆ ಪ್ರಾಣಕ್ಕೆ ಅಪಾಯ. ಅಲ್ಲಿ ಗನ್ನಿನ ಕೆಲಸವೂ ಇಲ್ಲ. ಅಂಗೈಯಲ್ಲಿ ಒಂದು ಮುದ್ದೆ ಗ್ರೀಸ್ ಇಟ್ಟುಕೊಂಡು, ಟೇಪರ್ ಬೇರಿಂಗಿನ ದಪ್ಪ ಬದಿಯನ್ನು ಅದಕ್ಕೆ ಒತ್ತಿ ಒತ್ತಿ ಎಳೆಯುತ್ತಾರೆ. ರೋಲರುಗಳನ್ನು ಹಿಡಿದಿಡುವ ಕೇಜಿನ ಸಣ್ಣ ಬದಿಯಿಂದ, ರೋಲರುಗಳ ಸಂದಿಯಲ್ಲಿ ಸಾಲಾಗಿ ಗ್ರೀಸ್ ಹೊರಗೆ ಬಂದರೆ ತುಂಬಿತು ಅಂತ ಅರ್ಥ. ನೆಟ್ಟಗೆ ನಿಂತ ಶಾಫ್ಟಿಗೂ 3 ವಾಸಿ.

ಗ್ರೀಸ್ ಹೊಡೆಯುವ ನಿಪ್ಪಲ್ ಇರುವ ಪ್ಲಮರ್ ಬ್ಲಾಕ್, ಯುಸಿಪಿ ಎಂಬ ಸಿದ್ಧ ಬೇರಿಂಗ್ ಬ್ಲಾಕ್, ಉದ್ದದ ಪೈಪಿನಲ್ಲಿ ಗ್ರೀಸ್ ಹೋಗಬೇಕಾದ ಕಡೆ 2ನೇ ನಂಬರೇ ಸರಿ. ಗನ್ನಿನಲ್ಲಿ ಸಲೀಸಾಗಿ ಹೋಗುತ್ತದೆ, ಚಳಿಗಾಲದ ಬೆಳಿಗ್ಗೆಯೂ ಕೈ ನೋಯಿಸುವುದಿಲ್ಲ. ಇಪಿ ಅಡಿಟಿವ್ ಇರುವುದರಿಂದ ಎಲಿವೇಟರ್, ಹಲ್ಲರ್ ಥರ ಹೊಡೆತ ಬೀಳುವ ಯಂತ್ರಕ್ಕೂ ನಡೆಯುತ್ತದೆ. ಸಾಮಾನ್ಯ ಇಪಿ2ನಲ್ಲಿ ಎಣ್ಣೆ 150ರಿಂದ 220 ಸೆಂಟಿಸ್ಟೋಕ್ಸ್ ಇರುತ್ತದೆ. 1440ರ ಮೋಟಾರಿಗೆ ಸಾಕು, ಸ್ವಲ್ಪ ಜಾಸ್ತಿಯೇ. ಆದರೆ ಇದು 40 ಡಿಗ್ರಿಯ ಅಂಕಿ, ಬಿಸಿ ಏರಿದಂತೆ ಎಣ್ಣೆ ತೆಳುವಾಗುತ್ತದೆ. ಹಾಗಾಗಿ ಮೇಲೆ ಹೇಳಿದ 60 ಸುತ್ತಿನ ಕನ್ವೇಯರಿಗೆ ಮಾತ್ರ ಕಡಿಮೆ. ಅದಕ್ಕೆ 460ರ ಎಣ್ಣೆ ಇರುವ ಗ್ರೀಸ್ ಕೇಳಿ ತಗೊಳ್ಳಿ.

ಲಿಥಿಯಮ್ಮಿನ ಸೋಲು ಎರಡು ಕಡೆ. ದಿನಾ ಪೈಪ್ ಹಿಡಿದು ತೊಳೆಯುವ ಯಂತ್ರದಲ್ಲಿ ಮೆಲ್ಲಗೆ ಕೊಚ್ಚಿ ಹೋಗುತ್ತದೆ. ಸದಾ ನೂರರ ಮೇಲಿನ ಬಿಸಿಯಲ್ಲಿ ಬೇಗ ಒಣಗುತ್ತದೆ.

ಲಿಥಿಯಂ ಕಾಂಪ್ಲೆಕ್ಸ್

ಅದೇ ಲಿಥಿಯಂ, ಜೊತೆಗೆ ಇನ್ನೊಂದು ಆಮ್ಲ ಸೇರಿಸಿ ಕಟ್ಟಿದ್ದು. 260 ಡಿಗ್ರಿಯವರೆಗೂ ಕರಗುವುದಿಲ್ಲ, 140-150ರವರೆಗೆ ದುಡಿಯುತ್ತದೆ. ಡ್ರೈಯರಿನ ಬ್ಲೋವರ್, ಬಾಯ್ಲರ್ ಫ್ಯಾನ್, ಡಿಸ್ಕ್ ಬ್ರೇಕ್ ಇರುವ ವಾಹನದ ಹಬ್ ಇವಕ್ಕೆ ಹೇಳಿ ಮಾಡಿಸಿದ್ದು. ಬೆಲೆ ಸಾದಾ ಲಿಥಿಯಮ್ಮಿಗಿಂತ ಜಾಸ್ತಿ, ಆದರೆ ಹೌಹಾರುವಷ್ಟಲ್ಲ. ಇದರ ದೊಡ್ಡ ಅನುಕೂಲ ಬೇರೆಯೇ ಇದೆ. ಒಳಗೆ ಹಳೇ ಲಿಥಿಯಂ ಇದ್ದರೂ ಸಾಮಾನ್ಯವಾಗಿ ಇದು ಅದರ ಜೊತೆ ಜಗಳ ಆಡುವುದಿಲ್ಲ. ಹಾಗಾಗಿ ಒಂದು ಮೆಟ್ಟಿಲು ಮೇಲೆ ಹೋಗಬೇಕು ಅನ್ನುವವರಿಗೆ ಇದು ತೊಂದರೆ ಇಲ್ಲದ ದಾರಿ.

ಕ್ಯಾಲ್ಸಿಯಂ ಸಲ್ಫೋನೇಟ್ ಕಾಂಪ್ಲೆಕ್ಸ್

ಹೆಸರಿನಲ್ಲಿ ಕ್ಯಾಲ್ಸಿಯಂ ಇದೆ ಎಂದು ಕಪ್ ಗ್ರೀಸಿನ ತಮ್ಮ ಅಂದುಕೊಳ್ಳಬೇಡಿ. ಇದು ಪೂರ್ತಿ ಬೇರೆ ಜಾತಿ. ನೀರನ್ನು ಹೀರಿಕೊಂಡರೂ ಹದ ಕೆಡುವುದಿಲ್ಲ. ತುಕ್ಕು ತಡೆಯುವ ಗುಣ, ಭಾರ ತಾಳುವ ಗುಣ ಎರಡೂ ಅದರ ಮೈಯಲ್ಲೇ ಇವೆ, ಬೇರೆ ಅಡಿಟಿವ್ ಅಷ್ಟಾಗಿ ಬೇಡ. ಬಿಸಿಯನ್ನೂ ಚೆನ್ನಾಗಿ ತಾಳುತ್ತದೆ. 2020ರ ಆಚೆ ಬ್ಯಾಟರಿಗಳ ಬೇಡಿಕೆಯಿಂದ ಲಿಥಿಯಂ ಬೆಲೆ ಏರಿದ ಮೇಲೆ ಗ್ರೀಸ್ ಮಾಡುವವರ ಕಣ್ಣು ಇದರ ಮೇಲೆ ಜಾಸ್ತಿ ಬಿದ್ದಿದೆ.

ಯಾರಿಗೆ ಬೇಕು? ಕೊಡಗು, ಚಿಕ್ಕಮಗಳೂರಿನ ಕಾಫಿ ಪಲ್ಪರ್ ನೋಡಿ. ನವೆಂಬರಿನಿಂದ ಫೆಬ್ರವರಿ-ಮಾರ್ಚಿನವರೆಗೆ ದಿನವಿಡೀ ನೀರು, ಹಣ್ಣಿನ ಹುಳಿ ರಸ, ಸಂಜೆ ತೊಳೆಯುವುದು. ಆಮೇಲೆ ಮಳೆಗಾಲವೆಲ್ಲ ತೇವದ ಶೆಡ್ಡಿನಲ್ಲಿ ಸುಮ್ನೆ ನಿಲ್ಲುತ್ತದೆ. ಅಲ್ಲಿ ಬೇರಿಂಗ್ ಸಾಯುವುದು ದುಡಿದು ಅಲ್ಲ, ನಿಂತು ತುಕ್ಕು ಹಿಡಿದು. ಮುಂದಿನ ಹಂಗಾಮಿಗೆ ಬೆಲ್ಟು ಹಾಕಿದಾಗ ಗರಗರ ಸದ್ದು. ಇಂಥ ಕಡೆ ಸೀಸನ್ ಮುಗಿದ ದಿನವೇ ಈ ಗ್ರೀಸನ್ನು ಹೊಸದಾಗಿ ತುಂಬಿ, ಶಾಫ್ಟನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿಟ್ಟರೆ ಖರ್ಚು ದುಡಿದ ಹಾಗೆ. ಮಲ್ಪೆ, ಮಂಗಳೂರಿನ ಕಡಲ ಉಪ್ಪು ತಾಗುವ ವಿಂಚ್, ಐಸ್ ಪ್ಲಾಂಟುಗಳಿಗೂ ಇದೇ ಮಾತು. ಕಬ್ಬಿನ ರಸ, ನೀರು ಬೀಳುವ ಆಲೆಮನೆಯ ಗಾಣಕ್ಕೂ.

ಬೇಡದ ಕಡೆಯೂ ಹೇಳುತ್ತೇನೆ. ಇದರಲ್ಲಿ ಸೋಪಿನ ಪಾಲು ಜಾಸ್ತಿ, ಎಣ್ಣೆಯೂ ಬಹಳ ಸಲ ಮಂದ. ವೇಗದ ಪಲ್ವರೈಸರಿಗೆ ಹಾಕಿದರೆ ಬಿಸಿ ಏರುತ್ತದೆ. ಸದಾ ಒಣಗಿದ, ತಂಪಾದ ಜಾಗದ ಬೇರಿಂಗಿಗೆ ಹಾಕಿದರೆ ದುಡ್ಡು ಹಾಳು, ಅಷ್ಟೇ.

ಪಾಲಿಯೂರಿಯಾ

ಇದರಲ್ಲಿ ಲೋಹದ ಸೋಪೇ ಇಲ್ಲ. ಹಾಗಾಗಿ ಬಿಸಿಯಲ್ಲಿ ಎಣ್ಣೆ ಬೇಗ ಕೆಡುವುದಿಲ್ಲ, ಆಯುಸ್ಸು ಜಾಸ್ತಿ, ಸದ್ದು ಕಡಿಮೆ. ವಿದ್ಯುತ್ ಮೋಟಾರುಗಳ ಬೇರಿಂಗಿಗೆ ದೊಡ್ಡ ಕಂಪನಿಗಳು ಬಹಳಷ್ಟು ಇದನ್ನೇ ಆರಿಸುತ್ತವೆ. ಎಣ್ಣೆಯೂ 100-115 ಸೆಂಟಿಸ್ಟೋಕ್ಸ್ ಆಸುಪಾಸು, ಮೋಟಾರಿನ ವೇಗಕ್ಕೆ ಸರಿಯಾದದ್ದು. ಇಪ್ಪತ್ತು ಮೂವತ್ತು ಮೋಟಾರ್ ಇರುವ ಗಂಗಾವತಿ, ಸಿಂಧನೂರು ಕಡೆಯ ದೊಡ್ಡ ರೈಸ್ ಮಿಲ್ಲಿಗೆ ಮೋಟಾರುಗಳಿಗೆಂದೇ ಒಂದು ಗನ್ ಇಡುವುದು ಲಾಭ. ಎರಡು ಮೋಟಾರ್ ಇರುವವರಿಗೆ ಅಷ್ಟು ತಲೆನೋವು ಬೇಡ.

ತಲೆನೋವು ಅಂದೆ, ಯಾಕೆಂದರೆ ಲಿಥಿಯಂ ಜೊತೆ ಇದು ಕೂಡುವುದು ಅನುಮಾನ. ಎರಡೂ ಬೆರೆತರೆ ಕೆಲವು ಸಲ ಮಜ್ಜಿಗೆ ಆಗಿ ಸೋರುತ್ತದೆ, ಕೆಲವು ಸಲ ಗಟ್ಟಿ ಆಗುತ್ತದೆ. ಒಳ್ಳೆಯ ಎರಡು ಗ್ರೀಸ್ ಸೇರಿ ಒಂದು ಕೆಟ್ಟ ಗ್ರೀಸ್. ಶಿಸ್ತಿಲ್ಲದ ಶೆಡ್ಡಿಗೆ ಪಾಲಿಯೂರಿಯಾ ತರಲೇಬೇಡಿ ಎಂದು ನಾನು ನೇರವಾಗಿ ಹೇಳುತ್ತೇನೆ.

ಉಳಿದವು, ಬೇಗಬೇಗ

ಬೆಂಟೋನ್ ಗ್ರೀಸ್, ಅಂದರೆ ಜೇಡಿಮಣ್ಣಿನ ಮೇಲೆ ಕಟ್ಟಿದ್ದು, ಕರಗುವುದೇ ಇಲ್ಲ. ಓವನ್, ಭಟ್ಟಿಯ ಟ್ರಾಲಿ ಚಕ್ರಗಳಿಗೆ. ಆದರೆ ಮಣ್ಣು ಕರಗದಿದ್ದರೂ ಎಣ್ಣೆ ಆರಿಹೋಗುತ್ತದೆ, ಪದೇ ಪದೇ ಹೊಡೆಯಬೇಕು. ಬೇರೆ ಯಾವ ಗ್ರೀಸಿನ ಜೊತೆಯೂ ಬೆರೆಸಬಾರದು.

ಕಪ್ಪು ಮಾಲಿ ಗ್ರೀಸ್, ಅಂದರೆ ಮಾಲಿಬ್ಡಿನಂ ಡೈಸಲ್ಫೈಡ್ ಇರುವಂಥದ್ದು, ಜೆಸಿಬಿಯ ಪಿನ್ನಿಗೆ, ಬುಷ್ಷಿಗೆ, ಅಲುಗಾಡುವ ಕೀಲಿಗೆ. ಬೇಗ ತಿರುಗುವ ಬೇರಿಂಗಿಗೆ ಹಾಕಬೇಡಿ. "ಹೆವಿ ಡ್ಯೂಟಿ" ಎಂದು ಬರೆದಿದ್ದಾರೆ ಅಂತ ಮೋಟಾರಿಗೆ ತುಂಬುವವರಿದ್ದಾರೆ.

ಫುಡ್ ಗ್ರೇಡ್ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ. ಹಿಟ್ಟು, ಖಾರದ ಪುಡಿ, ಗಾಣದ ಎಣ್ಣೆ ಹಾದುಹೋಗುವ ಜಾಗದ ಮೇಲೆಯೇ ಬೇರಿಂಗ್ ಇದ್ದರೆ ಎನ್‌ಎಸ್‌ಎಫ್ ಎಂಬ ಸಂಸ್ಥೆಯಲ್ಲಿ ಎಚ್1 ಎಂದು ನೋಂದಾಯಿಸಿದ ಗ್ರೀಸ್ ಹಾಕಿ. ಅಕಸ್ಮಾತ್ ಒಂದು ಚೂರು ತಾಗಿದರೆ ಅಪಾಯ ಇಲ್ಲದಂತೆ ಮಾಡಿದ್ದು ಅದು. ತಿನ್ನಬಹುದು ಅಂತಲ್ಲ. ದುಬಾರಿ ನಿಜ. ಇಡೀ ಮಿಲ್ಲಿಗೆ ಬೇಡ, ಹಿಟ್ಟಿನ ಮೇಲಿರುವ ಎರಡು ಮೂರು ಬೇರಿಂಗಿಗೆ ಸಾಕು. ಮೋಟಾರ್ ಪಕ್ಕದ ಪುಲ್ಲಿಗೆ ಯಾಕೆ?

ಗ್ರೀಸೇ ಹೊಡೆಯದ ದಾರಿ

2ಆರ್‌ಎಸ್ ಎಂದು ಬರೆದ, ಎರಡೂ ಬದಿ ರಬ್ಬರ್ ಸೀಲ್ ಇರುವ ಬೇರಿಂಗಿನಲ್ಲಿ ಕಾರ್ಖಾನೆಯವರೇ ಅಳೆದು ಗ್ರೀಸ್ ತುಂಬಿರುತ್ತಾರೆ. ಝಡ್‌ಝಡ್ ಅಂದರೆ ತಗಡಿನ ಮುಚ್ಚು, ಧೂಳಿಗೆ ಅಷ್ಟು ಗಟ್ಟಿ ಅಲ್ಲ. 6205, 6206ರಂಥ ಸಣ್ಣ ಬೇರಿಂಗಿಗೆ ನನ್ನ ಮೊದಲ ಸಲಹೆ 2ಆರ್‌ಎಸ್. ಕೊಳಕು ಕೈ, ಕೊಳಕು ಗನ್, ಮರೆತ ತಿಂಗಳು ಎಲ್ಲದರಿಂದ ಬಿಡುಗಡೆ. ಸವೆದಾಗ ಬಿಚ್ಚಿ ಹೊಸದು ಹಾಕಿ. ಸೀಲ್ ಎತ್ತಿ ಹೊಸ ಗ್ರೀಸ್ ತುರುಕುವ ಜಾಣತನ ಬೇಡ, ಸೀಲಿನ ತುಟಿ ಬಾಗಿದರೆ ಮತ್ತೆ ಕೂರುವುದಿಲ್ಲ.

ಎರಡು ಕಡೆ ಇದು ಆಗುವುದಿಲ್ಲ. ಮಾಮೂಲಿ ರಬ್ಬರ್ ಸೀಲ್ 100 ಡಿಗ್ರಿಯವರೆಗೆ ಮಾತ್ರ. ಮತ್ತು ತುಟಿ ಉಜ್ಜುವುದರಿಂದ ತುಂಬಾ ಮೇಲಿನ ವೇಗಕ್ಕೆ ತಡೆಯುವುದಿಲ್ಲ. 1440ಕ್ಕೆ, 2880ಕ್ಕೆ ಈ ಸಣ್ಣ ಅಳತೆಗಳಲ್ಲಿ ಏನೂ ತೊಂದರೆ ಇಲ್ಲ. ಬೇರಿಂಗ್ ದೊಡ್ಡದಾದಷ್ಟೂ ಬೆಲೆ ಏರುತ್ತದೆ, ಆಗ ನಿಪ್ಪಲ್ ಇರುವುದೇ ಲೇಸು.

ನಿಮ್ಮ ಜೇಬಿಗೆ ಯಾವುದು

ಒಂದೇ ಗನ್, ಒಂದೇ ಡಬ್ಬಿ ಇಡಬಲ್ಲವರು ಲಿಥಿಯಂ ಇಪಿ2 ಇಡಿ. ಸಣ್ಣ ಬೇರಿಂಗುಗಳನ್ನು ಬದಲಿಸುವಾಗ 2ಆರ್‌ಎಸ್ ಮಾಡುತ್ತಾ ಬನ್ನಿ. ಊರಿನ ಹಿಟ್ಟಿನ ಮಿಲ್ಲಿಗೆ, ಅಡಿಕೆ ಸುಲಿಯುವ ಯಂತ್ರಕ್ಕೆ ಇದು ಧಾರಾಳ ಸಾಕು. ಟ್ರಾಕ್ಟರ್, ಟ್ರಾಲಿ ಇದ್ದರೆ ಹಬ್ಬಿಗೆಂದು ಒಂದು ಅರ್ಧ ಕೆಜಿ ಎಪಿ3 ಬೇರೆ. ಇವೆರಡೂ ಲಿಥಿಯಮ್ಮೇ, ಅಕಸ್ಮಾತ್ ಬೆರೆತರೂ ಅನಾಹುತ ಇಲ್ಲ.

ಎರಡನೇ ಡಬ್ಬಿಗೆ ದುಡ್ಡಿದ್ದರೆ, ನಿಮ್ಮ ಶತ್ರು ಯಾರು ಅಂತ ಕೇಳಿಕೊಳ್ಳಿ. ಬಿಸಿ ಆದರೆ ಲಿಥಿಯಂ ಕಾಂಪ್ಲೆಕ್ಸ್. ನೀರು, ತುಕ್ಕು ಆದರೆ ಕ್ಯಾಲ್ಸಿಯಂ ಸಲ್ಫೋನೇಟ್. ನಿಧಾನದ ಭಾರಿ ಶಾಫ್ಟ್ ಆದರೆ 460ರ ಎಣ್ಣೆಯ ಲಿಥಿಯಂ ಇಪಿ. ಜಲ್ಲಿ ಕ್ರಷರಿನವರಿಗೆ ಈ ಮೂರನೆಯದೇ ಬಹಳ ಸಲ ಸರಿಯಾದ ಉತ್ತರ, ಆದರೆ ಅವರು ಕೊಳ್ಳುವುದು ಕಪ್ಪು ಮಾಲಿ. ವೈಬ್ರೇಟಿಂಗ್ ಸ್ಕ್ರೀನಿಗೆ ಅಲುಗಾಟಕ್ಕೆ ಹದ ಬಿಡದ ಗ್ರೀಸ್ ಬೇಕು, ಅದಕ್ಕೆ ಮಾತ್ರ ಯಂತ್ರದ ಪುಸ್ತಕದಲ್ಲಿ ಹೇಳಿದ್ದನ್ನೇ ತನ್ನಿ. ಪೀಣ್ಯದ ಶೆಡ್ಡುಗಳ ಸಿಎನ್‌ಸಿ ಸ್ಪಿಂಡಲ್ ಈ ಲೆಕ್ಕಕ್ಕೇ ಬರುವುದಿಲ್ಲ. ಅದರ ಗ್ರೀಸಿನ ಎಣ್ಣೆ 15ರಿಂದ 30 ಸೆಂಟಿಸ್ಟೋಕ್ಸಿನಷ್ಟು ತೆಳು, ಸ್ಪಿಂಡಲ್ ಮಾಡಿದವರು ಹೇಳಿದ ಹೆಸರನ್ನು ಬಿಟ್ಟು ಇನ್ನೊಂದನ್ನು ಮುಟ್ಟಬೇಡಿ.

ಬೆಲೆಯ ಭಯಕ್ಕೆ ಒಂದು ಲೆಕ್ಕ. ಒಂದು ಸಲಕ್ಕೆ ಎಷ್ಟು ಗ್ರೀಸ್ ಬೇಕು ಅನ್ನುವುದಕ್ಕೆ ಸೂತ್ರ ಇದೆ: ಬೇರಿಂಗಿನ ಹೊರ ಅಳತೆ, ಅಗಲ ಎರಡನ್ನೂ ಮಿಲಿಮೀಟರಿನಲ್ಲಿ ಗುಣಿಸಿ, 0.005ರಿಂದ ಮತ್ತೆ ಗುಣಿಸಿದರೆ ಗ್ರಾಂ ಬರುತ್ತದೆ. ನಮ್ಮ 6309ರ ಅಗಲ 25. ನೂರನ್ನು 25ರಿಂದ ಗುಣಿಸಿ, 0.005ರಿಂದ ಗುಣಿಸಿದರೆ 12.5 ಗ್ರಾಂ. ಒಂದು ಕೆಜಿ ಡಬ್ಬಿಯಲ್ಲಿ 80 ಸಲ. ಹೀಗೆ ನೋಡಿದರೆ ದುಬಾರಿ ಗ್ರೀಸೂ ಒಂದು ಸಲಕ್ಕೆ ಕೆಲವೇ ರೂಪಾಯಿ, ಅಲ್ವಾ? ಹುಡುಗರು ಸೀಲಿನಿಂದ ಹೊರಗೆ ಉಕ್ಕುವವರೆಗೆ ಗನ್ ಒತ್ತುವುದರಲ್ಲಿ ಇದಕ್ಕಿಂತ ಜಾಸ್ತಿ ಹೋಗುತ್ತದೆ. ನಿಮ್ಮ ಗನ್ ಒಂದು ಒತ್ತಿಗೆ ಎಷ್ಟು ಕೊಡುತ್ತದೆ ಅಂತ ಗೊತ್ತಿಲ್ಲದಿದ್ದರೆ, ಒಂದು ಕಾಗದದ ಮೇಲೆ ಹತ್ತು ಸಲ ಒತ್ತಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು, ಹತ್ತರಿಂದ ಭಾಗಿಸಿ. ಅದನ್ನು ಗನ್ನಿನ ಮೇಲೆಯೇ ಪೇಂಟಿನಲ್ಲಿ ಬರೆದಿಡಿ.

ಮೊದಲ ಸಲ ತುಂಬುವಾಗಲೂ ಅಷ್ಟೇ. ವೇಗದ ಬೇರಿಂಗಾದರೆ ಹೌಸಿಂಗಿನ ಖಾಲಿ ಜಾಗದ ಮೂರರಲ್ಲೊಂದು ಪಾಲು, ಅರ್ಧ ದಾಟಬಾರದು. ಜಾಸ್ತಿ ಆದರೆ ಗ್ರೀಸ್ ಕಡೆದುಕೊಂಡು ಬಿಸಿ ಆಗುತ್ತದೆ. ನಿಧಾನದ, ಧೂಳಿನ ಜಾಗದ ಬೇರಿಂಗಿಗೆ ಮಾತ್ರ ಹೆಚ್ಚು ಕಡಿಮೆ ಪೂರ್ತಿ ತುಂಬಿದರೂ ತೊಂದರೆ ಇಲ್ಲ, ಆ ಗ್ರೀಸೇ ಧೂಳಿಗೆ ಗೋಡೆ.

ಗ್ರೀಸ್ ಬದಲಿಸುವಾಗ

ಒಳಗೆ ಈಗ ಏನಿದೆ ಅಂತ ಗೊತ್ತಿದ್ದು, ಅದು ಲಿಥಿಯಂ ಆಗಿ, ನೀವು ಲಿಥಿಯಂ ಕಾಂಪ್ಲೆಕ್ಸಿಗೆ ಹೋಗುತ್ತಿದ್ದರೆ, ಡ್ರೈನ್ ಪ್ಲಗ್ ತೆಗೆದು ಹೊಸದನ್ನು ಮೆಲ್ಲಗೆ ಹೊಡೆಯುತ್ತಾ ಹಳೆಯದು ಹೊರಬರಲು ಬಿಡಿ. ಪಾಲಿಯೂರಿಯಾ, ಬೆಂಟೋನ್ ಯಾವುದಾದರೂ ಒಂದು ಕಡೆ ಇದ್ದರೆ, ಅಥವಾ ಒಳಗೇನಿದೆ ಎಂದೇ ಗೊತ್ತಿಲ್ಲದಿದ್ದರೆ ಈ ದಾರಿ ಬೇಡ. ಹೌಸಿಂಗ್ ಬಿಚ್ಚಿ, ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು, ಪೂರ್ತಿ ಆರಿಸಿ, ಒಂದು ಹನಿ ಎಣ್ಣೆ ಹಾಕಿ ಕೈಯಲ್ಲಿ ತಿರುಗಿಸಿ ನೋಡಿ, ಆಮೇಲೆ ಹೊಸ ಗ್ರೀಸ್. ಗಾಳಿ ಹೊಡೆದು ಒಣಗಿಸುವಾಗ ಬೇರಿಂಗನ್ನು ಗಿರ್ರನೆ ತಿರುಗಿಸಿ ಆಟ ಆಡಬೇಡಿ, ಒಣಗಿದ ಗುಂಡು ರೇಸನ್ನು ಕೆರೆಯುತ್ತದೆ.

ಹೊಸ ಗ್ರೀಸ್ ಹಾಕಿದ ಮೇಲೆ ಮೊದಲ ಕೆಲವು ಗಂಟೆ ಬೇರಿಂಗ್ ಮಾಮೂಲಿಗಿಂತ ಬಿಸಿ ಇರುತ್ತದೆ. ಗ್ರೀಸ್ ಸರಿದು ಜಾಗ ಮಾಡಿಕೊಳ್ಳುವವರೆಗೆ ಅದು ಸಹಜ. ಡ್ರೈನ್ ಪ್ಲಗ್ ತೆಗೆದೇ ಒಂದರ್ಧ ಗಂಟೆ ಓಡಿಸಿ, ಆಮೇಲೆ ಮುಚ್ಚಿ. ಮಾರನೇ ದಿನ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಥರ್ಮಾಮೀಟರ್ ಹಿಡಿಯಿರಿ. ಮೊದಲಿನ ಅಂಕಿಗೆ ಇಳಿದಿದ್ದರೆ ಸರಿ. ಇಳಿಯದಿದ್ದರೆ ಒಂದೋ ಜಾಸ್ತಿ ತುಂಬಿದ್ದೀರಿ, ಇಲ್ಲವೇ ಆ ವೇಗಕ್ಕೆ ಎಣ್ಣೆ ಮಂದ ಆಯಿತು. ಮೊದಲು ಪ್ಲಗ್ ತೆಗೆದು ಜಾಸ್ತಿಯದನ್ನು ಹೊರಗೆ ಬಿಟ್ಟು ನೋಡಿ. ಡಬ್ಬಿ ಬದಲಿಸುವುದು ಆಮೇಲೆ.